ಗುಳಿಗೆಗೆ ಮುಂಚೆ ಎರಡು ಮುಚ್ಚಳ

ಲ್ಯಾಬಿನ ವರದಿ ಶುಕ್ರವಾರ ಮಧ್ಯಾಹ್ನ ಬಂತು. ಶುಕ್ರವಾರ ಮಧ್ಯಾಹ್ನ ಬರುವ ಯಾವ ವರದಿಯೂ ಒಳ್ಳೆಯ ಸುದ್ದಿ ತಂದದ್ದನ್ನು ನಾನು ಕಂಡಿಲ್ಲ. ವಾರಾಂತ್ಯಕ್ಕೆ ಎಲ್ಲರೂ ಕೋಟು ಹಾಕಿಕೊಳ್ಳುತ್ತಿರುವಾಗಲೇ ಅವು ಬರುತ್ತವೆ.

ನಾನು ಕೆಲಸ ಮಾಡುವುದು ಇಂಗ್ಲಿಷರ ನಾಡಿನಲ್ಲಿ, ರೇನರ್ಸ್ ಲೇನ್ ಹತ್ತಿರದ ಒಂದು ಜಿಪಿ ಸರ್ಜರಿಯಲ್ಲಿ. ಹೆಸರು ಸರ್ಜರಿಯಾದರೂ ಅಲ್ಲಿ ಯಾರೂ ಯಾರನ್ನೂ ಕೊಯ್ಯುವುದಿಲ್ಲ. ಕೆಮ್ಮು, ಮಂಡಿನೋವು, ಬಿಪಿಗೆಂದು ಜನ ಬರುವ ಬಡಾವಣೆಯ ದವಾಖಾನೆ ಅದು. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ಜಿಪಿ, ಅಂದರೆ ಅಲ್ಲಿಯ ಸಾಮಾನ್ಯ ವೈದ್ಯರು, ಬರೆಯುವ ಔಷಧ ಆ ರೋಗಿಗೆ ಹೊಂದುತ್ತದೆಯೇ, ಇನ್ನೊಂದು ಔಷಧದ ಜೊತೆ ಜಗಳವಾಡುತ್ತದೆಯೇ ಎಂದು ನೋಡುವುದು, ಆಮೇಲೆ ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಈ ಕೊನೆಯ ಮಾತನ್ನು ಒತ್ತಿ ಬರೆಯುತ್ತಿದ್ದೇನೆ. ಆ ವಾರ ನಾನು ಮಾಡದೆ ಬಿಟ್ಟದ್ದು ಅದನ್ನೇ.

ರೋಗಿ ಅರವತ್ತೆಂಟು ವರ್ಷದ ಒಬ್ಬ ಅಮ್ಮ, ವಿಜಯಪುರದ ಕಡೆಯವರು. ಗಂಡ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಇಬ್ಬರೂ ಮಗನ ಜೊತೆ ಇಲ್ಲೇ ನೆಲೆಸಿ ಕೆಲವು ವರ್ಷಗಳಾಗಿವೆ. ಮಗ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞ. ಆ ವರ್ಷ ಅಮ್ಮನಿಗೆ ಮೂತ್ರದ ಸೋಂಕು ಆಗಿದ್ದು ಅದು ಮೂರನೇ ಸಲ. ಈ ಬಾರಿ ಅದು ಮೂತ್ರಪಿಂಡಕ್ಕೆ ಏರಿ ಜ್ವರ, ನಡುಕ, ಬೆನ್ನುನೋವು ತಂದಿತ್ತು. ಮೊದಲು ಕೊಟ್ಟ ಮಾತ್ರೆಗೆ ರೋಗಾಣು ಜಗ್ಗಲಿಲ್ಲ. ಈಗ ವರದಿ ಅದಕ್ಕೆ ಕಾರಣ ಹೇಳುತ್ತಿತ್ತು: ಮಾಮೂಲಿ ಮಾತ್ರೆಗಳ ಮುಂದೆಲ್ಲ 'ಪ್ರತಿರೋಧ' ಎಂದಿತ್ತು. ಬಾಯಿಯಲ್ಲಿ ನುಂಗುವ ಔಷಧಗಳ ಪೈಕಿ ಒಂದೇ ಒಂದರ ಮುಂದೆ 'ಕೆಲಸ ಮಾಡುತ್ತದೆ' ಎಂದಿತ್ತು. ಅದು ಸಿಪ್ರೋಫ್ಲಾಕ್ಸಸಿನ್. ಅದೂ ನಾಟದಿದ್ದರೆ ಆಸ್ಪತ್ರೆಗೆ ಸೇರಿ ಡ್ರಿಪ್ ಹಾಕಿಸಿಕೊಳ್ಳುವುದೊಂದೇ ದಾರಿ. ಈ ಸಲ ಮಾತ್ರವಲ್ಲ, ಮುಂದೆ ಸೋಂಕು ಬಂದಾಗಲೆಲ್ಲ.

ಇದು ಹಲವು ಬಗೆಯ ರೋಗಾಣುಗಳನ್ನು ಒಟ್ಟಿಗೆ ಹೊಡೆಯುವ ಔಷಧ. ರೋಗಾಣು ಒಂದರಿಂದ ಎರಡಾಗಬೇಕಾದರೆ ಒಳಗಿರುವ ಡಿಎನ್‌ಎ ಎಂಬ ನೂಲಿನ ಸಿಕ್ಕು ಬಿಡಿಸಿ, ನಕಲು ಮಾಡಿ, ಮತ್ತೆ ಸುತ್ತಬೇಕು. ಆ ಸಿಕ್ಕು ಬಿಡಿಸುವ ಕಿಣ್ವವನ್ನು ಈ ಔಷಧ ಹಿಡಿದು ನಿಲ್ಲಿಸುತ್ತದೆ. ನೂಲು ಅಲ್ಲಲ್ಲೇ ತುಂಡಾಗಿ ರೋಗಾಣು ಸಾಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇದನ್ನು ಕಡಲೆಪುರಿಯಂತೆ ಹಂಚುವ ಹಾಗಿಲ್ಲ. ಹಿಮ್ಮಡಿಯ ಸ್ನಾಯುರಜ್ಜು ಹರಿಯಬಹುದು, ಅದರಲ್ಲೂ ಅರವತ್ತು ದಾಟಿದವರಿಗೆ. ನರಗಳಲ್ಲಿ ಜೋಮು, ಮನಸ್ಸಿನಲ್ಲಿ ಕಳವಳ, ಎದೆಬಡಿತದಲ್ಲಿ ಏರುಪೇರು ಆಗಬಹುದು. ಬೇರೆ ಏನೂ ಹೊಂದದಿದ್ದಾಗ ಮಾತ್ರ ಇದನ್ನು ಬರೆಯಬೇಕೆಂಬುದು ಇಲ್ಲಿಯ ನಿಯಮ. ಇಲ್ಲಿ ಬೇರೆ ಏನೂ ಇರಲಿಲ್ಲ. ಆಕೆ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರಲಿಲ್ಲ, ಹೃದಯದ ಇಸಿಜಿ ಸರಿಯಿತ್ತು, ಮೂತ್ರಪಿಂಡದ ರಕ್ತಪರೀಕ್ಷೆ ಪರವಾಗಿಲ್ಲ ಎನ್ನುವಂತಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು, ಏಳು ದಿನ ಎಂದು ಜಿಪಿ ಬರೆದರು.

ನಾನು ಮನೆಗೆ ಫೋನ್ ಮಾಡಿದೆ. ಎತ್ತಿಕೊಂಡವರು ಮಗ. ನಮ್ಮವರು, ಅದರಲ್ಲೂ ಡಾಕ್ಟರು. ಹಿಮ್ಮಡಿ ನೋವು ಬಂದರೆ ಆ ಕ್ಷಣವೇ ನಿಲ್ಲಿಸಿ ನಮಗೆ ತಿಳಿಸಬೇಕೆಂದೆ. ಗೊತ್ತು ಎಂದರು. ಬಿಸಿಲಿಗೆ ಚರ್ಮ ಕೆಂಪಾಗಬಹುದೆಂದೆ. ಗೊತ್ತು ಗೊತ್ತು ಎಂದರು, ನಕ್ಕರು ಕೂಡ. ಹಿಂದೆ ಯಾವುದೋ ಮಾನಿಟರು ಕೀಚ್ ಕೀಚ್ ಎನ್ನುತ್ತಿತ್ತು, ಆಸ್ಪತ್ರೆಯಲ್ಲೇ ಇದ್ದರೇನೋ. ಡಾಕ್ಟರಿಗೆ ನಾನು ಪಾಠ ಹೇಳುವುದೇ ಎಂದು ನನಗೆ ಸಂಕೋಚವಾಯಿತು. "ಮಿಕ್ಕಿದ್ದು ನಿಮಗೆ ಗೊತ್ತೇ ಇರತ್ತಲ್ಲ ಡಾಕ್ಟ್ರೇ" ಎಂದು ಫೋನಿಟ್ಟೆ. ನಮ್ಮವರ ನಡುವಿನ ಈ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮಗನ ಮೊದಲ ಫೋನು. ಜ್ವರ ಇಳಿದಿಲ್ಲ, ಒಮ್ಮೆ ಕೊಂಚ ತಗ್ಗಿ ಮತ್ತೆ ಮೂವತ್ತೆಂಟೂವರೆ ಡಿಗ್ರಿಗೆ, ನಮ್ಮೂರ ಲೆಕ್ಕದಲ್ಲಿ ನೂರಾ ಒಂದರ ಮೇಲೆ, ಹೋಗುತ್ತಿದೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳಿದೆ. ಕೇಳಬಾರದ್ದನ್ನು ಕೇಳಿದಂತಾಯಿತು. ತಮ್ಮ ತಂದೆ ಗಡಿಯಾರ ನೋಡಿ ಕೊಡುತ್ತಿದ್ದಾರೆ, ಒಂದು ನಿಮಿಷ ಆಚೀಚೆ ಇಲ್ಲ ಎಂದರು. ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಾರಾ ಎಂದೆ. ಬಿಪಿ ಮಾತ್ರೆ ಒಂದೇ, ಅದು ನಿಮ್ಮ ಕಂಪ್ಯೂಟರಿನಲ್ಲೇ ಇದೆ ಎಂದರು. ಹತ್ತು ಗಂಟೆಗೆ ಮತ್ತೆ ಫೋನು, ಇದಕ್ಕಿಂತ ಬಲವಾದದ್ದು ಬೇಕು ಎಂದು. ಮಧ್ಯಾಹ್ನ ಮತ್ತೆ, ಅವರ ಆಸ್ಪತ್ರೆಯ ಸ್ನೇಹಿತರೊಬ್ಬರೂ ಹಾಗೇ ಹೇಳಿದರು ಎಂದು. ಬಲವಾದದ್ದು ಎಂಬ ಆ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ರೋಗಾಣುವಿಗೆ ತಾಗುವ ಔಷಧ, ತಾಗದ ಔಷಧ ಎಂದಿದೆಯೇ ಹೊರತು, ಇದು ಕುಸ್ತಿಯಲ್ಲ.

ಜಿಪಿ ಅಂದೇ ಅಮ್ಮನನ್ನು ನೋಡಿದರು. ರಕ್ತದೊತ್ತಡ, ನಾಡಿ ಸರಿಯಿದ್ದವು. ಸೋಂಕು ರಕ್ತಕ್ಕೆ ಹರಡಿದ ಲಕ್ಷಣವಿರಲಿಲ್ಲ. ಮೂತ್ರದ ಮಾದರಿ ಮತ್ತೆ ಲ್ಯಾಬಿಗೆ ಹೋಯಿತು. ಬುಧವಾರ ಬೆಳಿಗ್ಗೆಯವರೆಗೆ ನೋಡೋಣ, ಜ್ವರ ಹಾಗೇ ಇದ್ದರೆ ಆಸ್ಪತ್ರೆ, ನಡುವೆ ನಡುಕವೋ ಮಂಪರೋ ಬಂದರೆ ತಕ್ಷಣ ಆಸ್ಪತ್ರೆ ಎಂದು ಜಿಪಿ ಹೇಳಿದರು. ಆಮೇಲೆ ನನ್ನ ಮುಂದೆಯೇ ಅಮ್ಮನ ದಾಖಲೆಯಲ್ಲಿ ಟೈಪು ಮಾಡತೊಡಗಿದರು: ಸಿಪ್ರೋಫ್ಲಾಕ್ಸಸಿನ್, ಚಿಕಿತ್ಸೆ ವಿಫಲ. ನಾನು ಅವರನ್ನು ತಡೆದೆ. ಆ ಎರಡು ಪದ ಒಮ್ಮೆ ದಾಖಲೆಗೆ ಹೋದರೆ ಮುಂದೆ ಯಾವ ಡಾಕ್ಟರೂ ಈ ಮಾತ್ರೆಯ ತಂಟೆಗೆ ಹೋಗುವುದಿಲ್ಲ, ಅಮ್ಮನಿಗೆ ಉಳಿದಿರುವ ಒಂದೇ ಒಂದು ಗುಳಿಗೆ ಇಲ್ಲವಾಗುತ್ತದೆ. ಒಂದು ದಿನ ಕೊಡಿ ಎಂದೆ. ಜಿಪಿ ಕನ್ನಡಕದ ಮೇಲಿಂದ ನೋಡಿ, ಒಂದೇ ದಿನ ಎಂದರು.

ಮಂಗಳವಾರ ಬೆಳಿಗ್ಗೆ ಲ್ಯಾಬಿನ ಸೂಕ್ಷ್ಮಜೀವಿ ತಜ್ಞರಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಆಮೇಲೆ ಸಿಕ್ಕರು. ಹೊಸ ಮಾದರಿಯಲ್ಲೂ ಅದೇ ಜಾತಿಯ ರೋಗಾಣು ಬೆಳೆಯುತ್ತಿದೆ, ಹಳೆಯದರ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದ್ದೇವೆ, ಈ ಔಷಧಕ್ಕೆ ಅದು ಸಾಯಲೇಬೇಕು ಎಂದರು. ಸಾಯುತ್ತಿಲ್ಲವಲ್ಲ ಎಂದೆ, ಸ್ವಲ್ಪ ಜೋರಾಗಿಯೇ. ಅವರಿಗೂ ರೇಗಿತು. ರೋಗಾಣು ಬೆಳೆಸುವ ನಮ್ಮ ತಟ್ಟೆಯಲ್ಲಿ ಔಷಧವನ್ನು ನೇರವಾಗಿ ರೋಗಾಣುವಿನ ಪಕ್ಕಕ್ಕೇ ಇಡುತ್ತೇವೆ, ತಟ್ಟೆಗೆ ಹೊಟ್ಟೆ ಇರುವುದಿಲ್ಲ, ನಿಮ್ಮ ರೋಗಿಗೆ ಇದೆ ಎಂದು ಹೇಳಿ ಫೋನಿಟ್ಟರು.

ಅದೇ ಹೊತ್ತಿಗೆ ಮಗನ ನಾಲ್ಕನೇ ಫೋನು ಬಂತು. ಮಾತ್ರೆಗಳನ್ನು ಎಣಿಸಿದ್ದಾರಂತೆ, ಎಂಟು ಖರ್ಚಾಗಿವೆ, ಆರು ಉಳಿದಿವೆ, ಲೆಕ್ಕ ಸರಿಯಾಗಿದೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾನು ಕೇಳುವ ಪ್ರಶ್ನೆಗೆಲ್ಲ ಸರಿಯಾದ ಉತ್ತರವೇ ಬರುತ್ತಿದೆ, ಆದರೆ ಜ್ವರ ಇಳಿಯುತ್ತಿಲ್ಲ. ಹಾಗಾದರೆ ತಪ್ಪಿರುವುದು ನನ್ನ ಪ್ರಶ್ನೆಗಳಲ್ಲೇ ಎಂದು ಅನ್ನಿಸಲು ನನಗೆ ನಾಲ್ಕು ದಿನ ಬೇಕಾಯಿತು. ಇನ್ನು ಏನೂ ಕೇಳುವುದು ಬೇಡ, ಹೋಗಿ ಕಣ್ಣಾರೆ ನೋಡೋಣ ಎಂದು ತೀರ್ಮಾನಿಸಿದೆ. ಒಬ್ಬರು ಗುಳಿಗೆ ನುಂಗುವುದನ್ನು ನೋಡಲು ಹೋಗುತ್ತೀಯಾ ಎಂದು ಜಿಪಿ ಕೇಳಿದರು. ಹೌದು, ಅದನ್ನೇ ಎಂದೆ. ಸಂಜೆಯ ಎರಡು ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿ, ರಿಸೆಪ್ಷನಿಸ್ಟಿನ ಗೊಣಗಾಟ ಕೇಳಿಸಿಕೊಂಡು ಹೊರಟೆ.

ಮನೆ ಸರ್ಜರಿಯಿಂದ ಹದಿನೈದು ನಿಮಿಷದ ನಡಿಗೆ. ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ಐದೂವರೆಗೆ ಬರುತ್ತೇನೆ ಎಂದಿದ್ದೆ, ಐದು ಮೂವತ್ತೆಂಟಾಗಿತ್ತು. ಅವರು ಗಡಿಯಾರದ ಕಡೆ ಒಮ್ಮೆ ನೋಡಿದರು. ಫ್ರಿಜ್ಜಿನ ಬಾಗಿಲಿಗೆ ಒಂದು ತಖ್ತೆ ಅಂಟಿಸಿದ್ದರು. ಅಡ್ಡಗೆರೆ ಉದ್ದಗೆರೆ ಎಳೆದು, ಗುಳಿಗೆ ಕೊಟ್ಟ ಹೊತ್ತನ್ನು ನೀಲಿಯಲ್ಲಿ, ಜ್ವರವನ್ನು ಕೆಂಪಿನಲ್ಲಿ ಬರೆದಿದ್ದರು. ನನ್ನ ವೃತ್ತಿಯಲ್ಲಿ ಅಷ್ಟು ಅಚ್ಚುಕಟ್ಟಾದ ದಾಖಲೆಯನ್ನು ನಾನು ಕಂಡಿಲ್ಲ. ಗುಳಿಗೆಗಳು ವಾರದ ದಿನಗಳ ಖಾನೆಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದವು. ಔಷಧದಂಗಡಿಯ ಪೆಟ್ಟಿಗೆ ಎಲ್ಲಿ ಎಂದು ಕೇಳಿದೆ. ಅಪ್ಪ ಅಮ್ಮನಿಗೆ ಸುಲಭವಾಗಲೆಂದು ಶುಕ್ರವಾರವೇ ಮಗ ಗುಳಿಗೆಗಳನ್ನೆಲ್ಲ ಬಿಡಿಸಿ ಡಬ್ಬಿಗೆ ಹಾಕಿ, ಪೆಟ್ಟಿಗೆಯನ್ನೂ ಒಳಗಿನ ಚೀಟಿಯನ್ನೂ ಹಸಿರು ಕಸದ ತೊಟ್ಟಿಗೆ ಹಾಕಿದ್ದನಂತೆ. ಪೆಟ್ಟಿಗೆಯ ಮೇಲಿದ್ದ ಎಚ್ಚರಿಕೆಯ ಸಾಲು ಈ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಸರ್, ನಾನು ಇಲ್ಲಿ ಇಲ್ಲ ಅಂದ್ಕೊಳಿ. ದಿನಾ ಹೇಗೆ ಕೊಡ್ತೀರೋ ಹಾಗೇ ಕೊಡಿ" ಎಂದೆ.

ಆರು ಗಂಟೆಗೆ ಐದು ನಿಮಿಷವಿದೆ ಎನ್ನುವಾಗ ಅವರು ಅಡುಗೆಮನೆಯ ಕಪಾಟು ತೆರೆದರು. ಔಷಧದ ಕಪಾಟಲ್ಲ, ಶೇಂಗಾ ಚಟ್ನಿಪುಡಿ, ಅಗಸಿ ಪುಡಿ, ಇಂಗಿನ ಡಬ್ಬಿ ಇದ್ದ ಕಪಾಟು. ಆ ಡಬ್ಬಿಗಳ ಹಿಂದಿನಿಂದ ಒಂದು ಗುಲಾಬಿ ಬಣ್ಣದ ಬಾಟಲಿ ತೆಗೆದು, ಚೆನ್ನಾಗಿ ಕುಲುಕಿ, ಅದರ ಮುಚ್ಚಳದಲ್ಲಿ ಎರಡು ಸಲ ಅಳೆದು ಸ್ಟೀಲ್ ಬಟ್ಟಲಿಗೆ ಹಾಕಿದರು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಆಮೇಲೆ ಲೋಟದ ತುಂಬ ಇಂಗು ಹಾಕಿದ ಮಜ್ಜಿಗೆ. ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿಕೊಂಡು ಮಲಗುವ ಕೋಣೆಯ ಕಡೆ ಹೊರಟರು.

ನಾನು ಎದ್ದು ಅಡ್ಡ ನಿಂತೆ. ಬಾಟಲಿಯಲ್ಲಿ ಏನು ಎಂದು ಕೇಳಿದೆ.

"ಅದು ಔಷಧ ಅಲ್ರೀ, ಗ್ಯಾಸಿಂದು" ಎಂದರು. "ಈ ಗುಳಿಗಿ ಭಾಳ ಉಷ್ಣ ಇರ್ತಾವ, ಹೊಟ್ಟಿ ಸುಟ್ಟುಬಿಡ್ತಾವ. ಅದಕ್ಕ ಮೊದಲ ಇದು ಎರಡು ಮುಚ್ಚಳ, ಆಮ್ಯಾಲ ಗುಳಿಗಿ, ಮ್ಯಾಲ ತಂಪಿಗೆ ಮಜ್ಜಿಗಿ. ಒಂದ ಹೊತ್ತೂ ತಪ್ಪಿಸಿಲ್ಲ."

ಬಾಟಲಿ ತಿರುಗಿಸಿ ಓದಿದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಷಿಯಂ ಹೈಡ್ರಾಕ್ಸೈಡ್. ನನಗೆ ಅಲ್ಲೇ ನೆಲದ ಮೇಲೆ ಕೂತು ಅಳಬೇಕೆನ್ನಿಸಿತು. ಈ ಲೋಹಗಳು ಹೊಟ್ಟೆಯಲ್ಲಿ ಸಿಪ್ರೋಫ್ಲಾಕ್ಸಸಿನ್ನನ್ನು ಕಚ್ಚಿ ಹಿಡಿದುಕೊಳ್ಳುತ್ತವೆ. ಎರಡೂ ಸೇರಿದರೆ ಆಗುವ ಸಂಯುಕ್ತವನ್ನು ಕರುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನುಂಗಿದ ಗುಳಿಗೆಯ ಬಹುಪಾಲು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತದೆ. ಹಾಲು, ಮೊಸರು, ಮಜ್ಜಿಗೆಯ ಸುಣ್ಣದ ಅಂಶವೂ ಅಷ್ಟು ಜೋರಾಗಿ ಅಲ್ಲದಿದ್ದರೂ ಇದೇ ಕೆಲಸ ಮಾಡುತ್ತದೆ. ಕಬ್ಬಿಣ, ಸತು ಇರುವ ಶಕ್ತಿಯ ಮಾತ್ರೆಗಳೂ ಅಷ್ಟೇ. ಅದಕ್ಕೇ ಇವುಗಳಿಗೂ ಗುಳಿಗೆಗೂ ನಡುವೆ ಹಿಂದೆ ಮುಂದೆ ಎರಡು ಗಂಟೆಯಾದರೂ ಅಂತರವಿರಬೇಕೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದು. ಇಲ್ಲಿ ಎಂಟು ಹೊತ್ತು, ಗಡಿಯಾರ ನೋಡಿ, ಗುಳಿಗೆಯ ಮುಂದೊಂದು ಹಿಂದೊಂದು ಕಾವಲು ಕೂರಿಸಿದ್ದರು.

ಮಾಸ್ತರರ ತಪ್ಪೆಂದು ಹೇಗೆ ಹೇಳುವುದು? ಅವರೂರಿನಲ್ಲಿ ಯಾವ ಡಾಕ್ಟರ ಹತ್ತಿರ ಹೋದರೂ ಇಂಥ ಗುಳಿಗೆಯ ಕೆಳಗೆ ಇನ್ನೆರಡು ಹೆಸರು ಇರುತ್ತವೆ, ಒಂದು ಗ್ಯಾಸಿಗೆ, ಒಂದು ಶಕ್ತಿಗೆ. ನಮ್ಮ ಮೈಸೂರಿನಲ್ಲೂ ಹಾಗೇ. ಅಲ್ಲಿ ಬರೆಯುವ ಗ್ಯಾಸಿನ ಕ್ಯಾಪ್ಸೂಲು ಸಾಮಾನ್ಯವಾಗಿ ಆಮ್ಲವನ್ನು ಹುಟ್ಟಲು ಬಿಡದ ಬಗೆಯದು, ಅದು ಈ ಔಷಧವನ್ನು ಹಿಡಿದುಕೊಳ್ಳುವುದಿಲ್ಲ. ಇಲ್ಲಿ ಜಿಪಿ ಒಂದೇ ಒಂದು ಹೆಸರು ಬರೆದು ಕಳಿಸಿದಾಗ ಡಾಕ್ಟರು ಮಿಕ್ಕಿದ್ದು ಮರೆತರು ಎಂದುಕೊಂಡರಂತೆ. ಊರಿಂದ ಬಂದ ನೆಂಟರ ಚೀಲದಲ್ಲಿ ಸಿಕ್ಕಿದ್ದು ಈ ಬಾಟಲಿ. ಗ್ಯಾಸಿನದಲ್ಲವೇ, ಯಾವುದಾದರೇನು ಎಂದು ಅವರೇ ಆ ಕೊರತೆ ತುಂಬಿದ್ದರು.

ಅಮ್ಮ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಗುಲಾಬಿ ಔಷಧದ ಬಟ್ಟಲನ್ನೂ ಮಜ್ಜಿಗೆಯನ್ನೂ ಹೊರಗೇ ಬಿಡಿಸಿ, ಆರು ಗಂಟೆಯ ಗುಳಿಗೆಯನ್ನು ದೊಡ್ಡ ಲೋಟದ ನೀರಿನಲ್ಲಿ ಕೊಡಿಸಿದೆ. ಆಕೆ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು, ನುಂಗಿದರು. ಮಜ್ಜಿಗೆ ಎಂಟೂವರೆಯ ಮೇಲೆ ಕುಡಿಯಲಿ, ಬಾಟಲಿಯ ಸಹವಾಸ ಈ ಏಳು ದಿನ ಬೇಡವೇ ಬೇಡ ಎಂದು ಮಾಸ್ತರರಿಗೆ ಹೇಳಿದೆ. ಅವರು ತಖ್ತೆಯಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಮಗ ಕೆಲಸದಿಂದ ಬಂದರು. ವಿಷಯ ಕೇಳಿ ಬಾಟಲಿಯನ್ನು ತಿರುಗಿಸಿ ತಾವೂ ಓದಿದರು. ಆಸ್ಪತ್ರೆಯಲ್ಲಿ ಅವರು ಕೊಡುವ ಔಷಧವೆಲ್ಲ ನೇರ ರಕ್ತನಾಳಕ್ಕೆ ಹೋಗುತ್ತದೆ. ಹೊಟ್ಟೆ, ಮಜ್ಜಿಗೆ ಎಂಬುದು ಅವರ ಕೆಲಸದಲ್ಲಿ ಬರುವುದೇ ಇಲ್ಲ. ಓದಿದ್ದು ಯಾವ ಕಾಲದ್ದೋ. ಆ ನಾಚಿಕೆಯನ್ನೆಲ್ಲ ತಂದೆಯ ಮೇಲೆ ತೀರಿಸಿಕೊಂಡರು, ಅದೂ ಇಂಗ್ಲಿಷಿನಲ್ಲಿ. ಕೇಳದೆ ಯಾಕೆ ಕೊಟ್ಟಿರಿ, ಮನೆಯಲ್ಲಿ ಡಾಕ್ಟರಿದ್ದಾನೆಂಬುದು ನೆನಪಿರಲಿಲ್ಲವೇ ಎಂದರು. ಮಾಸ್ತರರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿದರು.

"ಅಂದ್ರ ಇಷ್ಟ ದಿನ ಆಕಿ ಜ್ವರ ಇಳೀಲಾರದಂಗ ನಾನ ಮಾಡಿದ್ನೇನವಾ?"

ಇಲ್ಲ ಎಂದು ಹೇಳುವುದು ಸುಲಭವಿತ್ತು. ಅದು ನಿಜವೂ ಆಗುತ್ತಿರಲಿಲ್ಲ, ಅವರು ನಂಬುತ್ತಲೂ ಇರಲಿಲ್ಲ.

"ಕೊಟ್ಟಿದ್ದು ನೀವೇ ಸರ್. ಆದ್ರೆ ಕೊಡಬಾರದು ಅಂತ ಹೇಳಬೇಕಾಗಿದ್ದು ನಾನು. ಶುಕ್ರವಾರ ಫೋನಿನಲ್ಲಿ ಹೇಳಲಿಲ್ಲ. ಮಗ ಡಾಕ್ಟರು, ಅವರಿಗೆ ಗೊತ್ತಿರತ್ತೆ ಅಂತ ಬಿಟ್ಟುಬಿಟ್ಟೆ. ತಪ್ಪು ನಂದು."

ಮಾಸ್ತರರು ಕುರ್ಚಿಯ ಮೇಲೆ ಕೂತರು. ಆ ಮಾತು ಹೇಳಿದ್ದಕ್ಕೆ ನನಗೇನೂ ಹಗುರವೆನ್ನಿಸಲಿಲ್ಲ. ನಾಲ್ಕು ದಿನ ಎಲ್ಲರ ಮೇಲೆ ರೇಗಿದ್ದೆನಲ್ಲ, ಈಗ ರೇಗಲು ನಾನೊಬ್ಬಳೇ ಉಳಿದಿದ್ದೆ.

ಹೊರಡುವಾಗ ಮಗ ಗೇಟಿನವರೆಗೆ ಬಂದರು. ಬಾಟಲಿಯ ವಿಷಯ ದಾಖಲೆಯಲ್ಲಿ ಬರೆಯಲೇಬೇಕೇ ಎಂದು ಕೇಳಿದರು. ನಮ್ಮ ನಮ್ಮಲ್ಲೇ ಇದ್ದರಾಗದೇ, ಮಾತ್ರೆ ನಾಟಲಿಲ್ಲ ಎಂದಷ್ಟೇ ಬರೆದರೆ ಸಾಲದೇ, ಸುತ್ತಮುತ್ತಲ ಸರ್ಜರಿಗಳಲ್ಲೆಲ್ಲ ತಮ್ಮ ಪರಿಚಯದವರಿದ್ದಾರೆ ಎಂದರು. ನನ್ನ ಮನಸ್ಸಿನಲ್ಲೂ ಅದೇ ಆಸೆ ಒಂದು ಕ್ಷಣ ಆಡಿದ್ದು ಸುಳ್ಳಲ್ಲ. ಅವರ ಮರ್ಯಾದೆಯೊಂದೇ ಅಲ್ಲ, ನನ್ನದೂ ಉಳಿಯುತ್ತಿತ್ತು. ಆಮೇಲೆ ರೋಸಿಹೋಗಿ ಹೇಳಿದೆ:

"ನಾಟಲಿಲ್ಲ ಅಂತ ಬರೆದರೆ ಮುಂದಿನ ಸಲ ನಿಮ್ಮಮ್ಮನಿಗೆ ಈ ಗುಳಿಗೆ ಯಾರೂ ಕೊಡಲ್ಲ ಡಾಕ್ಟ್ರೇ. ನಮ್ಮಿಬ್ಬರ ಮರ್ಯಾದೆ ಉಳಿಸೋಕೆ ಅವರು ಪ್ರತಿ ಸಲ ಆಸ್ಪತ್ರೆಗೆ ಸೇರಬೇಕಾ?"

ಅವರು ತಲೆ ತಗ್ಗಿಸಿ ಒಳಗೆ ಹೋದರು. ನಾನು ಸರ್ಜರಿಗೆ ವಾಪಸು ಬಂದು, ಜಿಪಿಗೆ ಎಲ್ಲ ಹೇಳಿ, ದಾಖಲೆಯಲ್ಲಿ ಬರೆದೆ: ಔಷಧ ವಿಫಲವಾಗಿಲ್ಲ, ಆಮ್ಲಶಾಮಕದ ಜೊತೆ ಕೊಟ್ಟಿದ್ದರಿಂದ ರಕ್ತಕ್ಕೆ ಸೇರಿಲ್ಲ. ಏಳು ದಿನವನ್ನು ಮಂಗಳವಾರ ಸಂಜೆಯಿಂದ ಹೊಸದಾಗಿ ಎಣಿಸಬೇಕೆಂದು ಜಿಪಿ ಹೇಳಿ, ಕಡಿಮೆ ಬೀಳುವ ಗುಳಿಗೆಗಳನ್ನು ಬರೆದುಕೊಟ್ಟರು.

ಬುಧವಾರ ಬೆಳಿಗ್ಗೆ ಜ್ವರ ಮೂವತ್ತೆಂಟು. ಮಾತಿನಂತೆ ಆಸ್ಪತ್ರೆಗೆ ಹೋಗಲೇಬೇಕಾಯಿತು. ಅಲ್ಲಿಯ ಡಾಕ್ಟರು ರಕ್ತ ಪರೀಕ್ಷಿಸಿ, ನನ್ನ ಟಿಪ್ಪಣಿ ಓದಿ, ಸರಿಯಾಗಿ ಒಳಗೆ ಹೋಗಿರುವುದು ಇನ್ನೂ ಎರಡೇ ಗುಳಿಗೆ, ಒಂದು ದಿನ ಕಾಯೋಣ ಎಂದು ಡ್ರಿಪ್ ಹಾಕದೆ ಮನೆಗೆ ಕಳಿಸಿದರು. ಗುರುವಾರ ಜ್ವರ ಮೂವತ್ತೇಳೂವರೆ. ಶುಕ್ರವಾರ ಅಮ್ಮ ಒಂದು ರೊಟ್ಟಿ ತಿಂದರೆಂದು ಮಾಸ್ತರರು ಫೋನಿನಲ್ಲಿ ತಿಳಿಸಿದರು, ಹೊತ್ತಿನ ಸಮೇತ.

ಅದೇ ಶುಕ್ರವಾರ ನಾನು ಈ ತಪ್ಪಿನ ವರದಿ ಬರೆದು ಮೇಲಿನವರಿಗೆ ಕಳಿಸಿದೆ. ಏನಾಯಿತು, ಯಾಕಾಯಿತು, ಯಾವ ದಿನ ಯಾರೊಂದಿಗೆ ಮಾತನಾಡಲಾಯಿತು ಎಂದು ಒಂದೊಂದನ್ನೂ ಬರೆದೆ. ನನ್ನ ಹೆಸರನ್ನು ಮೊದಲೇ ಹಾಕಿದೆ. ಏನನ್ನೂ ಮುಚ್ಚಿಡಲಿಲ್ಲ ಎಂಬ ಸಣ್ಣ ಜಂಬವೂ ಇತ್ತೆನ್ನಿ.

ಗುಳಿಗೆ ಮುಗಿದ ಮರುದಿನ, ಬುಧವಾರ, ಹಿಮ್ಮಡಿ ನೋವಿದೆಯೇ ಎಂದು ವಿಚಾರಿಸಲು ಫೋನ್ ಮಾಡಿದೆ. ಮಾಸ್ತರರು ಎತ್ತಿಕೊಂಡು, ಇಲ್ಲ, ಯಾವ ನೋವೂ ಇಲ್ಲ ಎಂದರು. ಅಮ್ಮನಿಗೆ ಫೋನ್ ಕೊಡಿ ಎಂದೆ. ಆ ಕಡೆ ಸ್ವಲ್ಪ ಗಡಿಬಿಡಿಯಾಯಿತು. ನನಗೇನು ಎಂದು ಆಕೆ ಕೇಳಿದ್ದು ಕೇಳಿಸಿತು. ಹಿಮ್ಮಡಿ ಸರಿಯಿದೆ, ಅಡುಗೆಮನೆಗೆ ಹೋಗಿ ಬರುತ್ತಿದ್ದೇನೆ ಎಂದರು. ಇನ್ನೇನಾದರೂ ಹೇಳುವುದಿದೆಯಾ ಅಮ್ಮ ಎಂದೆ. ರೂಢಿಯ ಪ್ರಶ್ನೆ, ಎಲ್ಲರಿಗೂ ಕೇಳುತ್ತೇನೆ.

"ಆ ಗುಲಾಬಿ ಔಷಧ ಕುಡದ್ರ ಗುಳಿಗಿ ಎದಿಯಾಗ ಕುಂತಂಗ ಆಗ್ತಿತ್ರೀ. ನನಗ ಹೊಟ್ಟಿ ಉರಿ ಇರಲೇ ಇಲ್ಲ. ಬರೇ ನೀರಾಗ ತಗೋತೀನಿ ಅಂತ ಮೊದಲನೇ ದಿನಾನ ಅನ್ನಬೇಕಂದಿದ್ದೆ" ಎಂದರು.

"ಹಾಗಾದ್ರೆ ಯಾರಿಗಾದ್ರೂ ಹೇಳಬಾರದಿತ್ತೇ ಅಮ್ಮಾ?"

"ಯಾರ ಕೇಳಿದ್ರವಾ? ಫೋನ್ ಬಂದಾಗೆಲ್ಲ ನೀವ ನೀವ ಮಾತಾಡಿಕೊಂಡ್ರಿ. ನೀವು ಮನೀಗೆ ಬಂದಾಗೂ ಅವರ ಕೂಡ ಮಾತಾಡಿ ಹೋದ್ರಿ. ನಾ ಇಲ್ಲೇ ಮಂಚದ ಮ್ಯಾಲ ಇದ್ದೆ."

ಸಿಟ್ಟಿನಿಂದ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು ಅಷ್ಟೇ. ಕ್ಷಮಿಸಿ ಅಮ್ಮಾ ಎಂದೆ, ಇರಲಿ ಬಿಡವಾ ಎಂದರು. ಫೋನಿಟ್ಟ ಮೇಲೆ ವರದಿಯನ್ನು ಮತ್ತೆ ತೆರೆದೆ. ಯಾರೊಂದಿಗೆ ಮಾತನಾಡಲಾಯಿತು ಎಂಬಲ್ಲಿ ಮಗ, ಜಿಪಿ, ಸೂಕ್ಷ್ಮಜೀವಿ ತಜ್ಞರು, ಗಂಡ, ಆಸ್ಪತ್ರೆಯ ಡಾಕ್ಟರು ಎಂದು ಐದು ಸಾಲುಗಳಿದ್ದವು. ಆರನೆಯ ಸಾಲಿನಲ್ಲಿ, ಹನ್ನೆರಡು ದಿನ ತಡವಾಗಿ, 'ರೋಗಿ' ಎಂದು ಬರೆದೆ.